ಪಾಲಿಸಿ ಮಾಡಿಸುವವರು ಒಬ್ಬರು, ಮೃತ್ಯುಪತ್ರ ಬರೆಯುವವರು ಇನ್ನೊಬ್ಬರು: ಸರಿಯಾದ ಸಲಹೆಗಾರರನ್ನು ಆರಿಸಿಕೊಳ್ಳಲು ಒಂದು ಸಮಗ್ರ ಮಾರ್ಗದರ್ಶಿ

ಗದಗಿನಲ್ಲಿ ಕಿರಾಣಿ ಅಂಗಡಿ ನಡೆಸುತ್ತಿದ್ದ ನಮ್ಮ ಕಾಕಾ ತೀರಿಕೊಂಡು ಹದಿಮೂರು ದಿನ ಕಳೆದ ಮೇಲೆ ಮನೆಯವರು ತಿಜೋರಿ ತೆಗೆದಾಗ ಐದು ಜೀವ ವಿಮಾ ಪಾಲಿಸಿಗಳು ಸಿಕ್ಕವು. ಮೂರರಲ್ಲಿ ನಾಮಿನಿ ಎಂದು ನಮೂದಾಗಿದ್ದವರು ಅವರ ತಾಯಿ. ಆ ಅಜ್ಜಿ ತೀರಿಹೋಗಿ ಆಗಲೇ ಒಂಬತ್ತು ವರ್ಷಗಳಾಗಿದ್ದವು. ನಾಲ್ಕನೆಯದು ಎರಡು ಕಂತುಗಳ ನಂತರ ನಿಂತುಹೋಗಿತ್ತು. ಐದನೆಯದನ್ನು ಸಾಲಕ್ಕೆ ಅಡವಿಟ್ಟದ್ದು ಕಾಕುವಿಗೇ ಗೊತ್ತಿರಲಿಲ್ಲ. ಪಾಲಿಸಿ ಮಾಡಿಸಿದ ಏಜೆಂಟರು ಆ ಕೆಲಸ ಬಿಟ್ಟು ಬೇರೆ ಊರು ಸೇರಿದ್ದರು. ಕಾಕಾ ಒಂದು ಮೃತ್ಯುಪತ್ರವನ್ನೂ ಬರೆಸಿದ್ದರು, ಆದರೆ ಅದರಲ್ಲಿ ಅಂಗಡಿ ಮತ್ತು ಹೊಲದ ಮಾತಿತ್ತೇ ಹೊರತು ವಿಮೆಯ ಹಣದ ಪ್ರಸ್ತಾಪವೇ ಇರಲಿಲ್ಲ. ಎಲ್ಲ ಕಾಗದಗಳನ್ನು ಹೊಂದಿಸಿ ಹಣ ಕಾಕುವಿನ ಕೈಸೇರುವಷ್ಟರಲ್ಲಿ ಹತ್ತು ತಿಂಗಳು ಕಳೆದವು. ವಿಮೆ ಮಾಡಿಸಿದವರಿಗೆ ಮೃತ್ಯುಪತ್ರದ ಸುದ್ದಿ ಗೊತ್ತಿರಲಿಲ್ಲ, ಮೃತ್ಯುಪತ್ರ ಬರೆದವರಿಗೆ ವಿಮೆಯ ಸುದ್ದಿ ಗೊತ್ತಿರಲಿಲ್ಲ. ಈ ಲೇಖನ ಹುಟ್ಟಿದ್ದು ಆ ಹತ್ತು ತಿಂಗಳಲ್ಲಿ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇತ್ತೀಚೆಗೆ ಹುಬ್ಬಳ್ಳಿಯ ಕೆಲವು ಕಚೇರಿಗಳ ಫಲಕಗಳಲ್ಲಿ 'ಎಸ್ಟೇಟ್ ಪ್ಲಾನರ್' ಎಂಬ ಪದ ಕಾಣಿಸತೊಡಗಿದೆ. ಎಸ್ಟೇಟ್ ಎಂದರೆ ನಮ್ಮ ಕಡೆಯವರಿಗೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟವೇ ನೆನಪಾಗುತ್ತದೆ. ಇಲ್ಲಿ ಅದರ ಅರ್ಥ ಮನುಷ್ಯ ಬಿಟ್ಟುಹೋಗುವ ಆಸ್ತಿ, ಹಣ, ಸಾಲ ಎಲ್ಲವೂ ಸೇರಿದ ಒಟ್ಟು ಗಂಟು. ಭಾರತದಲ್ಲಿ ಈ ಹೆಸರಿನ ವೃತ್ತಿಗೆ ಪ್ರತ್ಯೇಕ ಸರ್ಕಾರಿ ಪರವಾನಗಿ ಇಲ್ಲ. ಯಾರು ಬೇಕಾದರೂ ಹಾಗೆಂದು ಕರೆದುಕೊಳ್ಳಬಹುದು. ವಿಮೆ ಮಾರಲು ಒಂದು ಪರವಾನಗಿ, ಕಾನೂನು ವೃತ್ತಿ ನಡೆಸಲು ಇನ್ನೊಂದು ಸನ್ನದು, ಹೂಡಿಕೆಯ ಸಲಹೆಗೆ ಶುಲ್ಕ ಪಡೆಯಲು ಮತ್ತೊಂದು ನೋಂದಣಿ ಬೇಕು. ವಕೀಲಿ ನಡೆಸುವವರು ಸ್ವತಃ ಬೇರೆ ವ್ಯಾಪಾರ ಮಾಡುವಂತಿಲ್ಲ ಎಂಬುದು ಬಾರ್ ಕೌನ್ಸಿಲಿನ ನಿಯಮವೂ ಹೌದು. ಆದ್ದರಿಂದ ಪಾಲಿಸಿಯಿಂದ ಹಿಡಿದು ಮೃತ್ಯುಪತ್ರದವರೆಗೆ ಎಲ್ಲವನ್ನೂ ತಾವೊಬ್ಬರೇ ಮಾಡಿಕೊಡುವುದಾಗಿ ಹೇಳುವವರನ್ನು ಹುಡುಕುವ ಬದಲು, ಇಬ್ಬರು ಅರ್ಹರನ್ನು ಬೇರೆಬೇರೆಯಾಗಿ ಆರಿಸಿ ಅವರಿಬ್ಬರ ಕೆಲಸ ಒಂದಕ್ಕೊಂದು ಹೊಂದುವಂತೆ ನೋಡಿಕೊಳ್ಳುವುದೇ ನಮ್ಮ ಊರುಗಳಲ್ಲಿ ಸಾಧ್ಯವಿರುವ ದಾರಿ.

ಹೆಜ್ಜೆ 1: ಯಾರ ಬಳಿಗೂ ಹೋಗುವ ಮೊದಲು ಮನೆಯ ಕಾಗದಗಳನ್ನು ಒಂದೆಡೆ ತನ್ನಿರಿ

ಹೆಚ್ಚಿನವರು ಈ ಹೆಜ್ಜೆಯನ್ನು ಬಿಟ್ಟು ನೇರವಾಗಿ ಏಜೆಂಟರ ಮುಂದೆ ಕೂಡುತ್ತಾರೆ, ಆಗ ಮಾತು ಸಹಜವಾಗಿಯೇ ಅವರು ಮಾರಬೇಕೆಂದಿರುವ ಪಾಲಿಸಿಯ ಸುತ್ತ ತಿರುಗುತ್ತದೆ. ಒಂದು ರವಿವಾರ ಮನೆಯವರೆಲ್ಲ ಕೂತು ಒಂದು ನೋಟುಪುಸ್ತಕದಲ್ಲಿ ಇರುವುದನ್ನೆಲ್ಲ ಬರೆದುಕೊಳ್ಳಿರಿ. ಹೊಲವಿದ್ದರೆ ಇತ್ತೀಚಿನ ಉತಾರ (ಪಹಣಿ), ಶಹರದಲ್ಲಿ ಮನೆಯಿದ್ದರೆ ಸಿಟಿ ಸರ್ವೇ ಉತಾರ ಮತ್ತು ಮಹಾನಗರ ಪಾಲಿಕೆಯ ಇ-ಖಾತಾ, ಹಳ್ಳಿಯ ಮನೆಯಿದ್ದರೆ ಪಂಚಾಯಿತಿಯ ಇ-ಸ್ವತ್ತು ಪತ್ರ ತೆಗೆಸಿಟ್ಟುಕೊಳ್ಳಿರಿ. ಪ್ರತಿಯೊಂದು ಆಸ್ತಿಯ ಮುಂದೆ ಅದು ಹಿರಿಯರಿಂದ ಬಂದದ್ದೋ, ಸ್ವಂತ ದುಡಿಮೆಯಿಂದ ಖರೀದಿಸಿದ್ದೋ, ವಾಟ್ನಿಯಲ್ಲಿ, ಅಂದರೆ ಮನೆತನದ ಆಸ್ತಿ ಹಂಚಿಕೆಯಲ್ಲಿ, ಪಾಲಿಗೆ ಬಂದದ್ದೋ, ಬಕ್ಷೀಸಾಗಿ ಬಂದದ್ದೋ ಎಂದು ಬರೆಯಿರಿ. ಮುಂದೆ ವಕೀಲರು ಕೇಳಬೇಕಾದ ಮೊದಲ ಪ್ರಶ್ನೆಯೇ ಇದು.

ವಿಮೆಯ ಪಟ್ಟಿ ಮಾಡುವಾಗ ದೊಡ್ಡ ಪಾಲಿಸಿಗಳ ಜೊತೆಗೆ ಮರೆತುಹೋದವುಗಳನ್ನೂ ಹುಡುಕಬೇಕು. ರಾಜ್ಯ ಸರ್ಕಾರಿ ನೌಕರರಿಗೆ ಕೆಜಿಐಡಿ, ಅಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ, ಪಾಲಿಸಿ ಇರುತ್ತದೆ. ಅಂಚೆ ಇಲಾಖೆಯ ಜೀವ ವಿಮೆ 1884ರಿಂದಲೂ, ಗ್ರಾಮೀಣ ಅಂಚೆ ಜೀವ ವಿಮೆ 1995ರಿಂದಲೂ ನಡೆದುಬಂದಿವೆ, ಹಳ್ಳಿಯ ಮನೆಗಳಲ್ಲಿ ಇವುಗಳ ಪಾಸ್‌ಬುಕ್ಕುಗಳು ಇರಬಹುದು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ವರ್ಷಕ್ಕೊಮ್ಮೆ 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆಯದು, 2 ಲಕ್ಷ ರೂಪಾಯಿಯ ರಕ್ಷಣೆ ಅದರಲ್ಲಿದೆ. 20 ರೂಪಾಯಿ ಕಡಿತವಾಗಿದ್ದರೆ ಅದು ಅಪಘಾತ ವಿಮೆ. ಮನೆಯ ಸಾಲ ಪಡೆಯುವಾಗ ಸಾಲದ ಜೊತೆಗೇ ಸೇರಿಸಿಕೊಟ್ಟ ವಿಮೆಯೂ ಇರಬಹುದು. ಪ್ರತಿ ಪಾಲಿಸಿಯ ಎದುರಿಗೆ ನಾಮಿನಿಯ ಹೆಸರು, ಆ ವ್ಯಕ್ತಿ ಇಂದು ಬದುಕಿದ್ದಾರೆಯೇ, ಪಾಲಿಸಿಯ ಮೇಲೆ ಸಾಲವಿದೆಯೇ ಎಂಬುದನ್ನು ಬರೆಯಿರಿ. ಕೊನೆಗೆ ಮನೆತನದ ವಂಶಾವಳಿಯನ್ನು ಒಂದು ಪುಟದಲ್ಲಿ ಬಿಡಿಸಿರಿ, ಲಗ್ನವಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಡಬೇಡಿರಿ.

ಹೆಜ್ಜೆ 2: ಯಾರು ಯಾರ ಪರವಾಗಿ ಕೆಲಸ ಮಾಡುತ್ತಾರೆ ಎಂದು ತಿಳಿದುಕೊಳ್ಳಿರಿ

ವಿಮಾ ಏಜೆಂಟರು ಕಂಪನಿಯ ಪ್ರತಿನಿಧಿ. ಒಬ್ಬ ಏಜೆಂಟರು ಒಂದೇ ಜೀವ ವಿಮಾ ಕಂಪನಿಯ ಪಾಲಿಸಿಗಳನ್ನು ಮಾರಬಹುದು. ಆದ್ದರಿಂದ ಬೇರೆ ಕಂಪನಿಯ ಪಾಲಿಸಿ ನಿಮಗೆ ಹೆಚ್ಚು ಹೊಂದುತ್ತಿದ್ದರೂ ಅದನ್ನು ಅವರು ಮಾಡಿಸಿಕೊಡಲಾರರು. ಇದು ಅವರ ದೋಷವಲ್ಲ, ಅವರ ವೃತ್ತಿಯ ಮಿತಿ. ಬ್ಯಾಂಕುಗಳು ಕಾರ್ಪೊರೇಟ್ ಏಜೆಂಟ್ ಆಗಿ ಹಲವು ಕಂಪನಿಗಳ ಪಾಲಿಸಿ ಮಾರಬಹುದಾದರೂ, ಎದುರಿಗೆ ಕೂತ ಅಧಿಕಾರಿ ಇನ್ನೊಂದೆರಡು ವರ್ಷಗಳಲ್ಲಿ ವರ್ಗವಾಗಿ ಹೋಗುತ್ತಾರೆ ಎಂಬುದನ್ನು ನೆನಪಿಡಬೇಕು. ಬ್ರೋಕರ್ ಎಂಬುವರು ಕಾನೂನಿನ ಪ್ರಕಾರ ಗ್ರಾಹಕರ ಪ್ರತಿನಿಧಿ, ಯಾವ ಕಂಪನಿಯ ಪಾಲಿಸಿಯನ್ನಾದರೂ ತರಬಲ್ಲರು. ಇವರೆಲ್ಲರಿಗೂ ಹಣ ಬರುವುದು ಕಂಪನಿಯಿಂದ, ಕಮಿಷನ್ ರೂಪದಲ್ಲಿ.

ಇವರಿಂದ ಬೇರೆಯಾಗಿ ನಿಲ್ಲುವವರು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿತರಾದ ಹೂಡಿಕೆ ಸಲಹೆಗಾರರು. 2013ರ ನಿಯಮಗಳಡಿ ನೋಂದಾಯಿಸಿಕೊಂಡ ಇವರು ನಿಮ್ಮಿಂದಲೇ ಶುಲ್ಕ ಪಡೆಯುತ್ತಾರೆ, ಸಲಹೆ ಪಡೆದ ಗ್ರಾಹಕರಿಂದಲೇ ಮಾರಾಟದ ಕಮಿಷನ್ ಗಳಿಸುವಂತಿಲ್ಲ. ನಮ್ಮ ಭಾಗದಲ್ಲಿ ಇಂಥವರು ವಿರಳ, ಆದರೆ ಆನ್‌ಲೈನ್ ಮೂಲಕ ಬೇರೆ ಊರಿನವರ ಸಲಹೆ ಪಡೆಯಲು ಅಡ್ಡಿಯಿಲ್ಲ. ತೆರಿಗೆಯ ಪ್ರಶ್ನೆಗಳಿಗೆ ಚಾರ್ಟರ್ಡ್ ಅಕೌಂಟಂಟರು, ಮೃತ್ಯುಪತ್ರ, ಬಕ್ಷೀಸ್ ಪತ್ರ, ವಾಟ್ನಿ ಪತ್ರ, ಹಕ್ಕು ಬಿಡುಗಡೆ ಪತ್ರಗಳಿಗೆ ವಕೀಲರು ಬೇಕು. ಉಪನೋಂದಣಾಧಿಕಾರಿ ಕಚೇರಿಯ ಎದುರು ಕೂಡುವ ದಸ್ತಾವೇಜು ಬರಹಗಾರರು ಅನುಭವಿಗಳೇ, ಆದರೆ ನೀವು ಹೇಳಿದ್ದನ್ನು ನಮೂನೆಯಂತೆ ಬರೆದುಕೊಡುವುದು ಅವರ ಕೆಲಸ. ನೀವು ಹೇಳಿದ್ದು ಕಾನೂನಿನಲ್ಲಿ ನಿಲ್ಲುತ್ತದೆಯೇ ಎಂದು ಹೇಳುವುದು ಅಲ್ಲ.

ಹೆಜ್ಜೆ 3: ಪರವಾನಗಿಯನ್ನು ಸ್ವತಃ ಪರೀಕ್ಷಿಸಿರಿ

ನಮ್ಮಲ್ಲಿ ಏಜೆಂಟರೆಂದರೆ ಬಹುತೇಕ ಸೋದರಮಾವನ ಮಗ, ಬೀಗರ ಕಡೆಯವರು ಅಥವಾ ಓಣಿಯ ಮಾಸ್ತರು. ಅವರ ಬಳಿ ಗುರುತಿನ ಚೀಟಿ ಕೇಳುವುದು ಮುಜುಗರದ ಕೆಲಸವೆಂದು ನಾವು ಸುಮ್ಮನಾಗುತ್ತೇವೆ. ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ತಮ್ಮ ಹೆಸರಿನಲ್ಲಿ ಏಜೆನ್ಸಿ ಪಡೆಯಲಾಗದ ಎಷ್ಟೋ ನೌಕರರು ಹೆಂಡತಿಯ ಹೆಸರಿನಲ್ಲಿ ಅದನ್ನು ಪಡೆದು ತಾವೇ ಪಾಲಿಸಿ ಮಾರುತ್ತಾರೆ. ಪರೀಕ್ಷೆ ಪಾಸಾದವರು ಒಬ್ಬರು, ನಿಮಗೆ ಸಲಹೆ ಕೊಡುವವರು ಇನ್ನೊಬ್ಬರು. ನಾಳೆ ತಪ್ಪು ಸಲಹೆಯ ಬಗ್ಗೆ ದೂರು ಕೊಡಬೇಕಾದರೆ ಕಾಗದದಲ್ಲಿರುವುದು ನೀವು ಒಮ್ಮೆಯೂ ಮಾತನಾಡದ ವ್ಯಕ್ತಿಯ ಹೆಸರು.

ವಿಮಾ ಕ್ಷೇತ್ರದ ನಿಯಂತ್ರಕರಾದ ಐಆರ್‌ಡಿಎಐ ಸಂಸ್ಥೆಯ ಏಜೆನ್ಸಿ ಪೋರ್ಟಲಿನಲ್ಲಿ ಏಜೆಂಟರ ಹೆಸರನ್ನೋ ಸಂಖ್ಯೆಯನ್ನೋ ಹಾಕಿ ನೋಡಬಹುದು. ಹೂಡಿಕೆ ಸಲಹೆಗಾರರ ಪಟ್ಟಿ ಸೆಬಿಯ ಜಾಲತಾಣದಲ್ಲಿದೆ, ಅವರ ನೋಂದಣಿ ಸಂಖ್ಯೆ ಐಎನ್‌ಎ ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ವಕೀಲರು ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ನೋಂದಣಿಯ ವರ್ಷವೂ ಆ ಸಂಖ್ಯೆಯಲ್ಲೇ ಇರುವುದರಿಂದ ಎಷ್ಟು ವರ್ಷಗಳ ಅನುಭವವಿದೆ ಎಂಬುದೂ ತಿಳಿಯುತ್ತದೆ.

ಪರವಾನಗಿ ಇದೆಯೆಂದ ಮಾತ್ರಕ್ಕೆ ತಜ್ಞರೆಂದು ಭಾವಿಸಬೇಕಿಲ್ಲ. ಏಜೆಂಟರಾಗಲು ಹತ್ತನೆಯ ತರಗತಿ ಪಾಸಾಗಿ, ಐಸಿ-38 ಎಂದು ಕರೆಯಲಾಗುವ ಪರೀಕ್ಷೆಯಲ್ಲಿ ಶೇ. 35 ಅಂಕ ಪಡೆದರೆ ಸಾಕು. ಇನ್ನು ಫಲಕದ ಮೇಲಿನ ಎಮ್‌ಡಿಆರ್‌ಟಿ ಮತ್ತು ಬಗೆಬಗೆಯ ಕ್ಲಬ್ಬುಗಳ ಬಿರುದುಗಳು ಮುಖ್ಯವಾಗಿ ಎಷ್ಟು ವ್ಯಾಪಾರ ಮಾಡಿದರು ಎಂಬುದನ್ನು ಅಳೆಯುತ್ತವೆ. ಎಷ್ಟು ವಿಧವೆಯರಿಗೆ ಸಕಾಲದಲ್ಲಿ ಹಣ ಕೊಡಿಸಿದರು ಎಂಬುದನ್ನಲ್ಲ. ಭಾರತೀಯ ವಿಮಾ ಸಂಸ್ಥೆಯ ಅಸೋಸಿಯೇಟ್ ಅಥವಾ ಫೆಲೋ ಪದವಿ, ಹಣಕಾಸು ಯೋಜಕರಿಗೆ ಕೊಡುವ ಸಿಎಫ್‌ಪಿ ಪ್ರಮಾಣಪತ್ರ ಇಂಥವಿದ್ದರೆ ಆ ವ್ಯಕ್ತಿ ಮಾರಾಟದಾಚೆಗೂ ಓದಿದ್ದಾರೆ ಎಂದು ತಿಳಿಯಬಹುದು.

ಹೆಜ್ಜೆ 4: ಮೊದಲ ಭೇಟಿಯಲ್ಲಿ ಅವರು ಏನು ಕೇಳುತ್ತಾರೆಂಬುದನ್ನು ಗಮನಿಸಿರಿ

ಒಳ್ಳೆಯ ಏಜೆಂಟರು ಪಾಲಿಸಿಯ ಹೆಸರು ಹೇಳುವ ಮೊದಲು ನಿಮ್ಮ ಆದಾಯ, ಸಾಲ, ಅವಲಂಬಿತರು, ಮಕ್ಕಳ ವಯಸ್ಸು, ಈಗಾಗಲೇ ಇರುವ ವಿಮೆ, ಆರೋಗ್ಯ ಇಷ್ಟನ್ನೂ ಕೇಳುತ್ತಾರೆ. ಕೂತ ಐದು ನಿಮಿಷದಲ್ಲೇ ಕೋಷ್ಟಕ ಬಿಚ್ಚಿ ಇಪ್ಪತ್ತು ವರ್ಷಗಳ ನಂತರ ಬರುವ ಮೊತ್ತವನ್ನು ತೋರಿಸುವವರಿಗೆ ಚಹಾ ಕೊಟ್ಟು ಕಳಿಸಬಹುದು. ಅಮರಗೋಳದ ಎಪಿಎಮ್‌ಸಿಯಲ್ಲಿ ದಲಾಲಿ ಅಂಗಡಿ ನಡೆಸುವವರಿಗೆ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗೆ ಮತ್ತು ರೈಲ್ವೆ ನೌಕರರಿಗೆ ಒಂದೇ ಪಾಲಿಸಿ ಹೊಂದಲಾರದು: ವ್ಯಾಪಾರಿಯ ಆದಾಯ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ, ತಲೆಯ ಮೇಲೆ ಸಾಲವಿರುತ್ತದೆ, ನೌಕರರಿಗಾದರೋ ಕುಟುಂಬ ಪಿಂಚಣಿಯಂಥ ಆಸರೆ ಬೇರೆ ಇರುತ್ತದೆ.

ನೀವೂ ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಮೊದಲನೆಯದು ಕಮಿಷನ್ನಿನದು. ದೀರ್ಘಾವಧಿಯ ಸಾಂಪ್ರದಾಯಿಕ ಪಾಲಿಸಿಗಳಲ್ಲಿ ಮೊದಲ ವರ್ಷದ ಕಮಿಷನ್ ನಂತರದ ವರ್ಷಗಳದ್ದಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ, ಆದ್ದರಿಂದಲೇ ಹಳೆಯ ಪಾಲಿಸಿ ಮುರಿಸಿ ಹೊಸದು ಮಾಡಿಸುವ ಸಲಹೆ ಪದೇಪದೇ ಬರುತ್ತದೆ. ಅದೇ ಮೊತ್ತದ ರಕ್ಷಣೆ, ಅವಧಿಯೊಳಗೆ ಸಾವಾದರೆ ಮಾತ್ರ ಹಣ ಕೊಡುವ ಟರ್ಮ್ ಪಾಲಿಸಿಯಲ್ಲಿ ಎಷ್ಟು ಕಂತಿಗೆ ಸಿಗುತ್ತದೆ ಎಂದು ಕೇಳಿರಿ. ಟರ್ಮ್ ಪಾಲಿಸಿಯಲ್ಲಿ ಅವಧಿ ಮುಗಿದ ಮೇಲೆ ಸಾಮಾನ್ಯವಾಗಿ ಏನೂ ಮರಳಿ ಬರುವುದಿಲ್ಲ, ಅದಕ್ಕೇ ಕಂತು ಕಡಿಮೆ. ಹಣ ಮರಳಿ ಬರುವ ಪಾಲಿಸಿಯನ್ನು ತೋರಿಸುವಾಗ ಶೇ. 4 ಮತ್ತು ಶೇ. 8ರ ಎರಡು ಊಹೆಗಳಲ್ಲಿ ಲೆಕ್ಕ ಹಾಕಿದ ವಿವರಣಾ ಪತ್ರವನ್ನು ಕಂಪನಿ ಕೊಡುತ್ತದೆ. ಏಜೆಂಟರು ದೊಡ್ಡ ಅಂಕಿಯನ್ನಷ್ಟೇ ತೋರಿಸಿದರೆ ಸಣ್ಣದನ್ನೂ ತೋರಿಸುವಂತೆ ಹೇಳಿರಿ, ಮತ್ತು ಅವೆರಡೂ ಊಹೆಗಳೇ ಹೊರತು ಭರವಸೆಗಳಲ್ಲ ಎಂಬುದನ್ನು ಮರೆಯಬೇಡಿರಿ.

ಎರಡನೆಯದು ನಮ್ಮ ಕಡೆ ಬಹಳ ನಡೆಯುವ 'ಮೊದಲ ಕಂತು ನಾನೇ ತುಂಬುತ್ತೇನೆ' ಎಂಬ ಮಾತು. 1938ರ ವಿಮಾ ಕಾಯ್ದೆಯ 41ನೆಯ ಕಲಮಿನ ಪ್ರಕಾರ ಹೀಗೆ ಕಮಿಷನ್ ಬಿಟ್ಟುಕೊಡುವುದೂ ಪಡೆಯುವುದೂ ನಿಷಿದ್ಧ, 10 ಲಕ್ಷ ರೂಪಾಯಿಯವರೆಗೆ ದಂಡ ಹೇಳಿದೆ. ದಂಡದ ಮಾತು ಹಾಗಿರಲಿ. ಮೊದಲ ವರ್ಷದ ಗಳಿಕೆಯನ್ನೇ ಕೊಟ್ಟು ಪಾಲಿಸಿ ಹಿಡಿದವರಿಗೆ ಹತ್ತನೆಯ ವರ್ಷದಲ್ಲಿ ನಿಮ್ಮ ಫೋನ್ ಎತ್ತಲು ಕಾರಣವೇ ಉಳಿದಿರುವುದಿಲ್ಲ.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ, ಪ್ರಸ್ತಾವನಾ ಪತ್ರ ತುಂಬುವ ರೀತಿ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹಳೆಯ ಆಪರೇಷನ್, ಗುಟ್ಕಾ, ತಂಬಾಕು ಇವುಗಳ ಪ್ರಶ್ನೆಗಳಿಗೆ ನಿಮ್ಮನ್ನು ಕೇಳದೆಯೇ 'ಇಲ್ಲ' ಎಂದು ಗೆರೆ ಎಳೆಯುವ ಏಜೆಂಟರು ನಿಮ್ಮ ಕುಟುಂಬದ ಹಣವನ್ನು ಅಪಾಯಕ್ಕೆ ಒಡ್ಡುತ್ತಿದ್ದಾರೆ. ಕಾಯ್ದೆಯ 45ನೆಯ ಕಲಮಿನಂತೆ ಪಾಲಿಸಿ ಆರಂಭವಾಗಿ ಮೂರು ವರ್ಷ ಕಳೆದ ಮೇಲೆ ಕಂಪನಿ ಅದನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಆದರೆ ಮೂರು ವರ್ಷಗಳೊಳಗೆ ಸಾವು ಸಂಭವಿಸಿದರೆ ಆಸ್ಪತ್ರೆಯ ಕಾಗದಗಳನ್ನೆಲ್ಲ ತೆಗೆಸಿ ನೋಡುತ್ತಾರೆ, ಮುಚ್ಚಿಟ್ಟದ್ದು ಸಿಕ್ಕರೆ ಹಣ ನಿರಾಕರಿಸುತ್ತಾರೆ. ಕಂತು ತುಂಬದೆ ನಿಂತುಹೋದ, ಅಂದರೆ ಲ್ಯಾಪ್ಸ್ ಆದ ಪಾಲಿಸಿಯನ್ನು ಮತ್ತೆ ಜೀವಂತಗೊಳಿಸಿದರೆ ಈ ಮೂರು ವರ್ಷಗಳ ಎಣಿಕೆ ಆ ದಿನದಿಂದ ಮತ್ತೆ ಶುರುವಾಗುತ್ತದೆ. ಖಾಲಿ ಪತ್ರದ ಮೇಲೆ ಸಹಿ ಕೇಳುವವರಿಗೆ ಎಂದೂ ಸಹಿ ಕೊಡಬೇಡಿರಿ.

ಕೊನೆಯದಾಗಿ, ಈವರೆಗೆ ಎಷ್ಟು ಮರಣದ ಕ್ಲೇಮುಗಳನ್ನು ನಡೆಸಿಕೊಟ್ಟಿದ್ದಾರೆ ಎಂದು ಕೇಳಿ, ಅಂಥ ಒಂದು ಕುಟುಂಬದವರ ಜೊತೆ ಮಾತನಾಡಲು ಸಾಧ್ಯವೇ ಎಂದು ವಿಚಾರಿಸಿರಿ. ತನಿಖೆ ಬೇಡದ ಮರಣದ ಕ್ಲೇಮನ್ನು 15 ದಿನಗಳಲ್ಲಿ, ತನಿಖೆ ಬೇಕಾದದ್ದನ್ನು 45 ದಿನಗಳಲ್ಲಿ ಮುಗಿಸಬೇಕೆಂದು 2024ರಲ್ಲಿ ಐಆರ್‌ಡಿಎಐ ಹೇಳಿದೆ. ಈ ಗಡುವುಗಳು ಗೊತ್ತಿರುವ ಏಜೆಂಟರು ಕ್ಲೇಮಿನ ಕೆಲಸ ಮಾಡಿದವರೇ ಇರುತ್ತಾರೆ.

ಹೆದರಿಸಿ ಮಾರುವವರ ಬಗ್ಗೆ ಒಂದು ಮಾತು. ಆಸ್ತಿ ಮಕ್ಕಳಿಗೆ ಹೋಗುವಾಗ ಸರ್ಕಾರ ದೊಡ್ಡ ತೆರಿಗೆ ಹಾಕುತ್ತದೆ, ಅದನ್ನು ತುಂಬಲು ವಿಮೆ ಬೇಕು ಎಂದು ಯಾರಾದರೂ ಹೇಳಿದರೆ ಅದು ಹೊರದೇಶದ ಪಾಠದ ನಕಲು. ಭಾರತದಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಗಿದೆ.

ಹೆಜ್ಜೆ 5: ನಾಮಿನಿಯ ಪ್ರಶ್ನೆಯಿಂದ ಇಬ್ಬರನ್ನೂ ಅಳೆಯಿರಿ

ನಾಮಿನಿ ಎಂದು ಹೆಸರಿದ್ದವರೇ ಹಣದ ಮಾಲೀಕರು ಎಂಬುದು ನಮ್ಮ ಊರುಗಳಲ್ಲಿ ಬೇರೂರಿದ ನಂಬಿಕೆ. ಈ ಒಂದು ಪ್ರಶ್ನೆಯನ್ನು ಏಜೆಂಟರಿಗೂ ವಕೀಲರಿಗೂ ಕೇಳಿದರೆ ಅವರ ತಿಳಿವಳಿಕೆಯ ಆಳ ಗೊತ್ತಾಗುತ್ತದೆ.

ನಾಮಿನಿ ಕೇವಲ ಹಣ ಪಡೆದು ವಾರಸುದಾರರಿಗೆ ಮುಟ್ಟಿಸುವ ಕೈ ಎಂದು ಸರ್ವೋಚ್ಚ ನ್ಯಾಯಾಲಯ ನಾಲ್ಕು ದಶಕಗಳ ಹಿಂದೆಯೇ ಹೇಳಿತ್ತು. 2015ರಲ್ಲಿ ವಿಮಾ ಕಾಯ್ದೆಯ 39ನೆಯ ಕಲಮಿಗೆ ತಿದ್ದುಪಡಿ ತಂದು, ತಂದೆ-ತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳು ನಾಮಿನಿಯಾಗಿದ್ದರೆ ಹಣದ ಲಾಭದ ಹಕ್ಕೂ ಅವರದೇ ಎಂಬರ್ಥದ ಮಾತನ್ನು ಸೇರಿಸಲಾಯಿತು. ಅಲ್ಲಿಗೆ ಪ್ರಶ್ನೆ ಮುಗಿಯಿತೆಂದು ಬಹಳ ಮಂದಿ ತಿಳಿದಿದ್ದರು. ಆದರೆ 2025ರಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಬೇರೆಯೇ ತೀರ್ಪು ಕೊಟ್ಟಿತು. ಲಗ್ನಕ್ಕೆ ಮೊದಲು ತಾಯಿಯನ್ನು ನಾಮಿನಿ ಮಾಡಿದ್ದ ವ್ಯಕ್ತಿಯೊಬ್ಬರು ಲಗ್ನವಾಗಿ ಮಗು ಹುಟ್ಟಿದ ಮೇಲೂ ಅದನ್ನು ಬದಲಿಸದೆ ತೀರಿಕೊಂಡಿದ್ದರು. ವಾರಸುದಾರರು ತಮ್ಮ ಹಕ್ಕು ಕೇಳಿದಾಗ 39ನೆಯ ಕಲಮು ಉತ್ತರಾಧಿಕಾರದ ಕಾನೂನನ್ನು ಮೀರುವುದಿಲ್ಲ ಎಂದ ನ್ಯಾಯಾಲಯ, ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು ಹೇಳಿತು. ನಮ್ಮ ಮನೆಬಾಗಿಲ ಹೈಕೋರ್ಟ್ ಪೀಠ ಕೊಟ್ಟ ಈ ತೀರ್ಪಿನ ಸುದ್ದಿಯೇ ಗೊತ್ತಿಲ್ಲದ ವಕೀಲರಿಂದ ವಿಮೆಗೆ ಸಂಬಂಧಿಸಿದ ಮೃತ್ಯುಪತ್ರ ಬರೆಸಲು ನಾನಂತೂ ಹಿಂಜರಿಯುತ್ತೇನೆ. ಏಜೆಂಟರಿಗೆ ತೀರ್ಪಿನ ವಿವರ ಗೊತ್ತಿರಬೇಕಿಲ್ಲ; ಆದರೆ ಲಗ್ನ, ಮಗುವಿನ ಜನನ, ನಾಮಿನಿಯ ಮರಣ ಈ ಮೂರೂ ಸಂದರ್ಭಗಳಲ್ಲಿ ನಾಮಿನಿಯನ್ನು ಬದಲಿಸಬೇಕೆಂದು ಅವರೇ ನೆನಪಿಸಬೇಕು.

ವ್ಯಾಪಾರಸ್ಥರು ಕೇಳಲೇಬೇಕಾದ ಇನ್ನೊಂದು ಪ್ರಶ್ನೆ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯದು. ಲಗ್ನವಾದ ಗಂಡಸು ತನ್ನ ಜೀವದ ಮೇಲೆ ಪಾಲಿಸಿ ಮಾಡಿಸುವಾಗಲೇ ಈ ಕಾಯ್ದೆಯ 6ನೆಯ ಕಲಮಿನಡಿ ಹೆಂಡತಿ, ಮಕ್ಕಳ ಹೆಸರಿಗೆ ಬರೆಸಿದರೆ ಆ ಪಾಲಿಸಿ ಅವರಿಗಾಗಿ ಇಟ್ಟ ಟ್ರಸ್ಟ್ ಆಗುತ್ತದೆ. ಸಾಲ ಕೊಟ್ಟವರನ್ನು ವಂಚಿಸಲೆಂದೇ ಮಾಡಿದ್ದಲ್ಲವಾದರೆ, ಅಂಗಡಿಯ ಸಾಲಕ್ಕಾಗಿ ಅದನ್ನು ಜಪ್ತಿ ಮಾಡುವಂತಿಲ್ಲ, ಅದು ಮೃತರ ಉಳಿದ ಆಸ್ತಿಯ ಲೆಕ್ಕಕ್ಕೂ ಸೇರುವುದಿಲ್ಲ. ಇದನ್ನು ಪಾಲಿಸಿ ಆದ ಮೇಲೆ ಸೇರಿಸಲಾಗದು, ಮತ್ತು ಆಮೇಲೆ ಆ ಪಾಲಿಸಿಯ ಮೇಲೆ ನಿಮ್ಮ ಇಚ್ಛೆಯಂತೆ ಸಾಲ ಎತ್ತಲೂ ಆಗದು. ಪ್ರಸ್ತಾವನಾ ಪತ್ರದ ಜೊತೆ ಒಂದು ಪುಟದ ಹೆಚ್ಚುವರಿ ಕಾಗದ ತುಂಬಿದರೆ ಮುಗಿಯುವ ಕೆಲಸವಿದು. ನಮ್ಮ ಕಾಕಾನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಹೆಜ್ಜೆ 6: ಮೃತ್ಯುಪತ್ರಕ್ಕೆ ವಕೀಲರನ್ನು ಆರಿಸುವುದು

ವಕೀಲರು ಜಾಹೀರಾತು ನೀಡುವಂತಿಲ್ಲ, ಆದ್ದರಿಂದ ಹುಡುಕಾಟ ಬಾಯಿಮಾತಿನಿಂದಲೇ ನಡೆಯಬೇಕು. ಕ್ರಿಮಿನಲ್ ಪ್ರಕರಣಗಳಲ್ಲಿ ಹೆಸರು ಮಾಡಿದವರಿಗಿಂತ ವಾಟ್ನಿ ದಾವೆಗಳನ್ನು ನಡೆಸಿದ ಸಿವಿಲ್ ವಕೀಲರು ಈ ಕೆಲಸಕ್ಕೆ ಸರಿ: ಮೃತ್ಯುಪತ್ರಗಳು ಎಲ್ಲೆಲ್ಲಿ ಮುರಿದುಬೀಳುತ್ತವೆ ಎಂಬುದನ್ನು ಅವರು ಕೋರ್ಟಿನಲ್ಲಿ ಕಂಡಿರುತ್ತಾರೆ.

ಅವರು ಮೊದಲು ಕೇಳಬೇಕಾದದ್ದು ನಿಮಗೆ ಯಾವ ಉತ್ತರಾಧಿಕಾರ ಕಾನೂನು ಅನ್ವಯವಾಗುತ್ತದೆ ಎಂಬುದನ್ನು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ವೀರಶೈವ ಮತ್ತು ಲಿಂಗಾಯತರನ್ನು ಹೆಸರಿಸಿಯೇ ಒಳಗೊಂಡಿದೆ, ಜೈನರಿಗೂ ಅದೇ ಅನ್ವಯಿಸುತ್ತದೆ. ಆ ಕಾಯ್ದೆಯಂತೆ ಮೃತ್ಯುಪತ್ರವಿಲ್ಲದೆ ತೀರಿಕೊಂಡ ಗಂಡಸಿನ ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ, ಮಕ್ಕಳ ಜೊತೆಗೆ ತಾಯಿಯೂ ಸೇರುತ್ತಾರೆ, ತಂದೆ ಸೇರುವುದಿಲ್ಲ. ಮುಸ್ಲಿಮರು ತಮ್ಮ ಆಸ್ತಿಯ ಮೂರನೆಯ ಒಂದು ಭಾಗವನ್ನು ಮಾತ್ರ ಮೃತ್ಯುಪತ್ರದ ಮೂಲಕ ಕೊಡಬಹುದು. ಅದನ್ನೂ ವಾರಸುದಾರರಲ್ಲೇ ಒಬ್ಬರಿಗೆ ಕೊಡಬೇಕಾದರೆ ಸುನ್ನಿ ಹನಫಿ ಪದ್ಧತಿಯಲ್ಲಿ ಉಳಿದ ವಾರಸುದಾರರ ಒಪ್ಪಿಗೆ ಬೇಕು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಎಲ್ಲರಿಗೂ ಒಂದೇ ನಮೂನೆಯ ಮೃತ್ಯುಪತ್ರ ಟೈಪು ಮಾಡಿಕೊಡುವ ಕಚೇರಿಯಿಂದ ಎದ್ದು ಬರುವುದು ಒಳ್ಳೆಯದು.

ಎರಡನೆಯ ಪರೀಕ್ಷೆ ಪಿತ್ರಾರ್ಜಿತ ಹೊಲದ್ದು. 'ಎಲ್ಲ ಹೊಲವನ್ನೂ ಮಗನ ಹೆಸರಿಗೆ ಬರೆಯಿರಿ' ಎಂದು ನೀವು ಹೇಳಿದಾಗ ವಕೀಲರು ಮರುಮಾತಿಲ್ಲದೆ ಬರೆದುಕೊಂಡರೆ ಅಲ್ಲಿಯೇ ಎಚ್ಚರಾಗಬೇಕು. ಕೂಡುಕುಟುಂಬದ ಆಸ್ತಿಯಲ್ಲಿ ನೀವು ಬರೆದುಕೊಡಬಹುದಾದದ್ದು ನಿಮ್ಮ ಪಾಲನ್ನು ಮಾತ್ರ. ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಎಂದು ಕರ್ನಾಟಕ 1994ರಲ್ಲಿ, ಕೇಂದ್ರ 2005ರಲ್ಲಿ ಕಾನೂನು ಮಾಡಿವೆ. ತಂದೆ 2005ರಲ್ಲಿ ಬದುಕಿರಲೇಬೇಕೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತಳ್ಳಿಹಾಕಿದೆ. ಈ ಮಾತನ್ನು ನಿಮಗೆ ಇಷ್ಟವಾಗದಿದ್ದರೂ ನೇರವಾಗಿ ಹೇಳುವವರೇ ಬೇಕಾದ ವಕೀಲರು.

ಉಳಿದ ವಿಧಿಗಳು ಸರಳವಾಗಿವೆ. ಮೃತ್ಯುಪತ್ರಕ್ಕೆ ಸ್ಟಾಂಪ್ ಕಾಗದ ಬೇಕಿಲ್ಲ, ನೋಂದಣಿ ಕಡ್ಡಾಯವಲ್ಲ. ಆದರೂ ನಮ್ಮ ಭಾಗದಲ್ಲಿ ಹೊಲಕ್ಕೆ ವಾರಸಾ ಹಚ್ಚುವಾಗ, ಅಂದರೆ ಉತಾರದಲ್ಲಿ ವಾರಸುದಾರರ ಹೆಸರು ಸೇರಿಸುವಾಗ, ತಹಶೀಲ್ದಾರ ಕಚೇರಿಯಲ್ಲಿ ತಕರಾರು ಬರುವುದು ಸಾಮಾನ್ಯವಾದ್ದರಿಂದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ. ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು. ಮುಂದೆ ವ್ಯಾಜ್ಯವಾದರೆ ಅವರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ಹೇಳಬೇಕಾಗುವುದರಿಂದ ನಿಮಗಿಂತ ಕಿರಿಯರೂ, ಊರಲ್ಲೇ ಇರುವವರೂ, ಆಸ್ತಿಯಲ್ಲಿ ಪಾಲಿಲ್ಲದವರೂ ಸಾಕ್ಷಿಗಳಾಗಿರಲಿ. ಇವುಗಳನ್ನು ನೀವು ಕೇಳದೆಯೇ ವಕೀಲರು ಹೇಳಬೇಕು. ಶುಲ್ಕವನ್ನು ಮೊದಲೇ ಮಾತಾಡಿಕೊಳ್ಳಿರಿ. ಆಸ್ತಿಯ ಬೆಲೆಯ ಮೇಲೆ ಶೇಕಡಾವಾರು ಕೇಳುವವರು ಬೇಡ. ಶುಲ್ಕ ಕೊಡುವ ಶಕ್ತಿಯಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಬಹುದು, ಹೆಣ್ಣುಮಕ್ಕಳಿಗೆ ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ನೆರವು ದೊರೆಯುತ್ತದೆ.

ಹೆಜ್ಜೆ 7: ಇಬ್ಬರ ಕೆಲಸವನ್ನೂ ಒಂದು ಹಾಳೆಯಲ್ಲಿ ತನ್ನಿರಿ

ಏಜೆಂಟರನ್ನೂ ವಕೀಲರನ್ನೂ ಒಂದೇ ಕೋಣೆಯಲ್ಲಿ ಕೂರಿಸುವುದು ಕಷ್ಟ, ಆದರೆ ಒಂದೇ ಹಾಳೆಯನ್ನು ಇಬ್ಬರಿಗೂ ತೋರಿಸಬಹುದು. ಪಾಲಿಸಿ ಸಂಖ್ಯೆ, ವಿಮಾ ಮೊತ್ತ, ನಾಮಿನಿ, ಅಡವಿದೆಯೇ ಇಲ್ಲವೇ, ಮೃತ್ಯುಪತ್ರದಲ್ಲಿ ಆ ಹಣ ಯಾರಿಗೆ ಎಂದು ಬರೆದಿದೆ, ಇಷ್ಟೇ ಅದರಲ್ಲಿರಲಿ. ನಾಮಿನಿ ಮತ್ತು ಮೃತ್ಯುಪತ್ರದಲ್ಲಿ ಹೆಸರಿಸಿದವರು ಬೇರೆಬೇರೆಯಾಗಿದ್ದರೆ ಹಾಗೇಕೆ ಎಂದು ವಕೀಲರು ಕೇಳಬೇಕು. ಬ್ಯಾಂಕ್ ಠೇವಣಿಗಳಿಗೂ ಇದೇ ಮಾತು. 2025ರ ನವೆಂಬರ್ 1ರಿಂದ ಒಂದು ಖಾತೆಗೆ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದಾಗಿದೆ.

ಹೆಜ್ಜೆ 8: ಪಾಲಿಸಿ ಕೈಸೇರಿದ ಮೇಲಿನ ಮೂವತ್ತು ದಿನಗಳು

ಪಾಲಿಸಿಯ ಕಾಗದ ಬಂದ ದಿನಾಂಕವನ್ನು ಅದರ ಮೇಲೆಯೇ ಬರೆದುಕೊಳ್ಳಿರಿ. ಅಂದಿನಿಂದ 30 ದಿನಗಳೊಳಗೆ ಬೇಡವೆನಿಸಿದರೆ ಮರಳಿಸಬಹುದು. ವೈದ್ಯಕೀಯ ಪರೀಕ್ಷೆ, ಸ್ಟಾಂಪ್ ಮತ್ತು ಅಷ್ಟು ದಿನಗಳ ರಕ್ಷಣೆಯ ಖರ್ಚನ್ನು ಮುರಿದುಕೊಂಡು ಉಳಿದ ಹಣವನ್ನು ಕಂಪನಿ ಹಿಂದಿರುಗಿಸುತ್ತದೆ. ಜೊತೆಗಿರುವ ಪ್ರಸ್ತಾವನಾ ಪತ್ರದ ಪ್ರತಿಯನ್ನು ಓದಿ, ನಿಮ್ಮ ಆರೋಗ್ಯದ ಬಗ್ಗೆ ನೀವು ಹೇಳಿದ್ದೇ ಅಲ್ಲಿದೆಯೇ ಎಂದು ನೋಡಿರಿ. ತಪ್ಪಿದ್ದರೆ ಏಜೆಂಟರಿಗೆ ಬಾಯಿಮಾತಿನಲ್ಲಿ ಹೇಳದೆ ಶಾಖೆಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಎಲ್‌ಐಸಿಯ ವಿಭಾಗೀಯ ಕಚೇರಿ ಧಾರವಾಡದಲ್ಲೇ ಇದೆ, ಶಾಖೆಯಲ್ಲಿ ನಿಂತ ಕೆಲಸವನ್ನು ಅಲ್ಲಿಗೆ ಒಯ್ಯಬಹುದು.

ಕಂಪನಿಗೆ ದೂರು ಕೊಟ್ಟು ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮೆಯ ದೂರುಗಳನ್ನು ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಅವರಿಗೆ ಬರೆಯಬಹುದು. 50 ಲಕ್ಷ ರೂಪಾಯಿಯವರೆಗಿನ ವ್ಯಾಜ್ಯಗಳನ್ನು ಅವರು ಶುಲ್ಕವಿಲ್ಲದೆ ವಿಚಾರಿಸುತ್ತಾರೆ, ವಕೀಲರ ಅವಶ್ಯಕತೆಯಿಲ್ಲ. ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್ ಮತ್ತು 155255 ಸಂಖ್ಯೆಯ ಸಹಾಯವಾಣಿಯೂ ಇವೆ. ಆ ಸಂಸ್ಥೆಯ ಹೆಸರಿನಲ್ಲಿ ಬೋನಸ್ ಬಂದಿದೆ ಎಂದು ಬರುವ ಫೋನುಗಳು ಮೋಸದವು. ಅದು ಪಾಲಿಸಿ ಮಾರುವುದೂ ಇಲ್ಲ, ಬೋನಸ್ ಘೋಷಿಸುವುದೂ ಇಲ್ಲ.

ಮೊದಲ ಹೆಜ್ಜೆಯ ನೋಟುಪುಸ್ತಕ, ಏಳನೆಯ ಹೆಜ್ಜೆಯ ಹಾಳೆ, ಪಾಲಿಸಿಗಳು ಮತ್ತು ಮೃತ್ಯುಪತ್ರದ ಪ್ರತಿಯನ್ನು ಒಂದೇ ಫೈಲಿನಲ್ಲಿಟ್ಟು, ಮೊದಲ ಪುಟದ ಮೇಲೆ ಏಜೆಂಟರ, ಶಾಖೆಯ ಮತ್ತು ವಕೀಲರ ಫೋನ್ ಸಂಖ್ಯೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಆಮೇಲೆ ಹೆಂಡತಿಯನ್ನೂ ತಿಳಿವಳಿಕೆ ಬಂದ ಮಕ್ಕಳನ್ನೂ ಕರೆದು ಅದನ್ನು ಬಿಚ್ಚಿ ತೋರಿಸಿರಿ, ತಿಜೋರಿಯ ಬೀಗದ ಕೈ ಎಲ್ಲಿದೆ ಎಂಬುದನ್ನೂ ಹೇಳಿರಿ.